ಟೀಚರ್ ಔಟ್

ನಮ್ಮ ಗೇಟಿನ ಚಿಲಕವನ್ನು ವರ್ಷಕ್ಕೆ ಎರಡು ಸಲ ಬದಲಾಯಿಸಬೇಕಾಗ್ತದೆ. ಪಕ್ಕದ ಮನೆಯ ಹುಡುಗ ದೇಶಕ್ಕೆ ಆಡಲಿಕ್ಕೆ ಶುರು ಮಾಡಿದ ಮೇಲೆ ವಾರಕ್ಕೊಬ್ಬರಾದರೂ ಬಂದು ಅದನ್ನು ಗಡಗಡ ಅಲ್ಲಾಡಿಸಿ, "ಅವರ ಮನೆ ಇದೇನಾ?" ಅಂತ ಕೇಳ್ತಾರೆ. "ಅಲ್ಲ, ಇದು ಅವನು ಔಟ್ ಆಗ್ತಾ ಇದ್ದ ಮನೆ" ಅಂತ ನಾನು ಹೇಳ್ತೇನೆ. ಬಂದವರು ತಲೆ ಕೆರೆದುಕೊಳ್ತಾರೆ. ಅವರನ್ನು ಕೂರಿಸಿ ವಿವರಿಸುವಷ್ಟರಲ್ಲಿ ಒಲೆಯ ಮೇಲೆ ಇಟ್ಟದ್ದು ಸೀದು ಹೋಗ್ತದೆ. ಅದಕ್ಕೇ ಈ ಸಲ ಎಲ್ಲವನ್ನೂ ಬರೆದೇ ಬಿಡುವ ಅಂತ ಕುಳಿತಿದ್ದೇನೆ.

ನಾನು ಮಂಗಳೂರಿನ ಕುಲಶೇಖರದವಳು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿದ ಟೀಚರ್. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಸಿಟ್ಟು ಬಂದರೆ ಮಾತ್ರ ವ್ಯಾಕರಣಶುದ್ಧ ಕನ್ನಡ. ನಮ್ಮ ಯಜಮಾನರು ಗಲ್ಫಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾಗಿ ಬಂದವರು, ಫುಟ್‌ಬಾಲ್ ಬಿಟ್ಟು ಉಳಿದದ್ದೆಲ್ಲ ಆಟವೇ ಅಲ್ಲ ಅನ್ನುವ ಪೈಕಿ. ಇನ್ನು ಆ ಹುಡುಗ. ಅವನ ಹೆಸರು ಹೇಳುವುದಿಲ್ಲ, ಹೇಳಿದರೆ ಚಿಲಕ ಮೂರನೆಯ ಸಲ ಹೋಗ್ತದೆ. ಇಡೀ ದೇಶ ಅವನಿಗೆ "ಅವರು" ಅನ್ನುತ್ತದೆ. ನನಗೆ ಬಾಯಿ ತಿರುಗುವುದಿಲ್ಲ ಮಾರಾಯ್ರೇ, ಮೂಗು ಒರೆಸಿ ಶಾಲೆಗೆ ಕಳಿಸಿದವನಿಗೆ ಬಹುವಚನ ಹಚ್ಚುವುದು ಹೇಗೆ?

ಕಾನೂನು ಬಂದ ದಿನ

ಆಗ ಅವನಿಗೆ ಏಳು ವರ್ಷ. ನಮ್ಮ ಎರಡೂ ಮನೆಗಳ ಮುಂದೆ ಒಂದು ಕೆಂಪು ಮಣ್ಣಿನ ಅಂಗಳ. ಅಲ್ಲೊಂದು ಹಲಸಿನ ಮರ, ಅದೇ ವಿಕೆಟ್. ಮರಕ್ಕೆ ಬೆನ್ನು ಕೊಟ್ಟು ಬ್ಯಾಟ್ ಹಿಡಿದು ನಿಂತರೆ ಬಲಗಡೆಗೆ ಖಾಲಿ ಜಾಗ, ಎದುರಿಗೆ ಇಳಿಜಾರು ರಸ್ತೆ, ಎಡಗಡೆಗೆ ಪಾಗಾರದ ಗೋಡೆ, ಅದರಾಚೆ ನಮ್ಮ ಹಂಚಿನ ಮನೆ. ಬಲಗೈಯಲ್ಲಿ ಆಡುವವರಿಗೆ ಈ ಎಡಗಡೆಯನ್ನೇ ಲೆಗ್ ಸೈಡ್ ಅನ್ನುವುದು ಅಂತ ನನಗೆ ಆಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಅದು ನನ್ನ ಅಡುಗೆಮನೆ.

ಒಂದು ಶನಿವಾರ ಮದುವೆಗೆ ಹೊರಟು, ಹೊಸ ಬಿಳಿ ಸೀರೆ ಉಟ್ಟು, ಬಂಗುಡೆ ಸಾರಿಗೆ ಉಪ್ಪು ಸಾಕಾ ಅಂತ ನೋಡಲಿಕ್ಕೆ ಬಗ್ಗಿದೆ. ಅಷ್ಟರಲ್ಲಿ ಮಾಡಿನ ಹಂಚೊಂದು ಒಡೆದು ಕಾರ್ಕ್ ಬಾಲ್ ಸೀದಾ ಪಾತ್ರೆಗೆ ಬಿತ್ತು. ಬಂಗುಡೆ ಪಾತ್ರೆಯಲ್ಲೇ ಉಳಿಯಿತು, ಸಾರು ಮಾತ್ರ ಪೂರ್ತಿ ನನ್ನ ಮೇಲೆ.

ಹಾಗೆಯೇ ಹೊರಗೆ ಬಂದೆ. ಹನ್ನೆರಡು ಹುಡುಗರು ಸಾಲಾಗಿ ನಿಂತಿದ್ದರು. ನಾನು ಹೇಳಿದೆ, "ಇವತ್ತಿನಿಂದ ಈ ಪಾಗಾರ ದಾಟಿಸಿ ಹೊಡೆದವ ಔಟ್."

ಎಲ್ಲರಿಗಿಂತ ಗಿಡ್ಡದವ, ಇವನೇ, ಕೈ ಎತ್ತಿದ. "ಟೀಚರ್, ಹಂಚಿಗೆ ತಾಗಿ ವಾಪಸ್ ಬಂದ್ರೆ?"

"ಔಟ್."

"ನೋ ಬಾಲಿಗೆ ಹೊಡೆದ್ರೆ?"

"ಔಟ್."

"ನೀವು ಮನೆಯಲ್ಲಿ ಇಲ್ಲದಿದ್ರೆ?"

"ಆಗ ಡಬಲ್ ಔಟ್!"

ಪಾಗಾರದ ಮೇಲೆ ಸುಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆದೆ: ಇಲ್ಲಿಗೆ ಹೊಡೆದರೆ ಔಟ್. ಮತ್ತೆ ಪುನಃ ಅವನದೇ ಕೈ ಮೇಲೆ. "ಟೀಚರ್, 'ಇಲ್ಲಿಗೆ' ಅಂದ್ರೆ ಗೋಡೆಗಾ, ಮನೆಗಾ?" ಕನ್ನಡ ಟೀಚರಿಗೇ ವಿಭಕ್ತಿ ಕೇಳ್ತಾನೆ! "ಎರಡಕ್ಕೂ" ಅಂದೆ.

ಕಾನೂನಿಗೆ ಎರಡನೇ ಭಾಗವೂ ಇತ್ತು. ಹೊಡೆದವನು ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ತಾನೇ ಬರಬೇಕು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಡಬೇಕು, "ಸಾರಿ ಟೀಚರ್" ಅನ್ನಬೇಕು. ಆಗ ನಾನು ಬಾಲ್ ಕೊಟ್ಟು, ಕನ್ನಡಕದ ಮೇಲಿಂದ ನೋಡಿ, "ಹೂಂ, ಇನ್ನೊಂದು ಸಲ ಹೊಡೆದ್ರೆ ಉಂಟು ನಿನಗೆ!" ಅನ್ನುತ್ತಿದ್ದೆ. ಹುಡುಗರು ಇದಕ್ಕೆ "ಟೀಚರ್ ಔಟ್" ಅಂತ ಹೆಸರಿಟ್ಟರು. ಅವರ ಸ್ಕೋರ್ ಪುಸ್ತಕದಲ್ಲಿ ಬೌಲ್ಡ್, ಕ್ಯಾಚ್, ರನೌಟ್ ಜೊತೆಗೆ ಟೀಚರ್ ಔಟ್ ಅಂತಲೂ ಬರೆಯುತ್ತಿದ್ದರು. ಮೊದಲ ವಾರ ಅವನು ಆರು ಸಲ ಟೀಚರ್ ಔಟ್ ಆದ. ಆಮೇಲೆ ಒಂದೇ ಒಂದು ಸಲ ಆಗಲಿಲ್ಲ. ಬಾಲ್ ಕಾಲಿಗೆ ಬಂದರೂ ಬಲಗಡೆಗೆ ತಿರುಗಿಸುತ್ತಿದ್ದ, ಇಲ್ಲವಾದರೆ ನೆಲಕ್ಕೆ ಅಂಟಿಸಿ ಕಳಿಸುತ್ತಿದ್ದ.

ಆ ವರ್ಷ ನಮ್ಮ ಶಾಲೆಯ ಪಿ.ಟಿ. ಪರೀಕ್ಷೆಯಲ್ಲಿ "ಕ್ರಿಕೆಟ್‌ನಲ್ಲಿ ಔಟಾಗುವ ಐದು ವಿಧಗಳನ್ನು ಬರೆಯಿರಿ" ಅಂತ ಪ್ರಶ್ನೆ ಬಂತು. ಅವನು ಮೊದಲನೆಯದಾಗಿ ಟೀಚರ್ ಔಟ್ ಅಂತ ಬರೆದಿದ್ದ. ಪಿ.ಟಿ. ಮಾಸ್ಟ್ರು ಉತ್ತರಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದು ಕೇಳಿದರು, "ಎಂತ ಟೀಚರ್ ಇದು? ಯಾವ ಪುಸ್ತಕದಲ್ಲಿ ಉಂಟು?"

"ಪುಸ್ತಕದಲ್ಲಿ ಇಲ್ಲ ಮಾಸ್ಟ್ರೇ, ನಮ್ಮ ಪಾಗಾರದಲ್ಲಿ ಉಂಟು. ಮಾರ್ಕ್ ಕೊಡಿ" ಅಂದೆ.

ಸಂಯಮ

ಹುಡುಗ ಬೆಳೆದ, ಜಿಲ್ಲೆಗೆ ಆಡಿದ, ರಾಜ್ಯಕ್ಕೆ ಆಡಿದ, ದೇಶದ ಟೀಮಿಗೂ ಹೋದ. ಟೆಸ್ಟ್ ಪಂದ್ಯದಲ್ಲಿ ಮೂರು ಮೂರು ದಿವಸ ಕದಲದೆ ನಿಂತು ನೂರು, ನೂರೈವತ್ತು ಹೊಡೆದ. ಎಲ್ಲವೂ ನೆಲದ ಮೇಲೆ. ಪತ್ರಿಕೆಯವರು ಅವನನ್ನು ಋಷಿ ಅಂತ ಕರೆಯಲಿಕ್ಕೆ ಶುರು ಮಾಡಿದರು.

ಒಂದು ದಿನ ಟಿ.ವಿ.ಯವರು ಕ್ಯಾಮೆರಾ, ಕೊಡೆ, ಲೈಟು ಎಲ್ಲ ಹೊತ್ತುಕೊಂಡು ನಮ್ಮ ಜಗಲಿಗೆ ಬಂದರು. ಜೊತೆಗೆ ಸೂಟು ಹಾಕಿದ ಒಬ್ಬ ವಿಶ್ಲೇಷಕರು. ಮಂಗಳೂರಿನ ಏಪ್ರಿಲ್ ತಿಂಗಳು, ಸೂಟು! ಅವರನ್ನು ನೋಡಿಯೇ ನನಗೆ ಬೆವರಿತು.

ಅವರು ಕೇಳಿದರು, "ಮೇಡಂ, ಅವರು ಲೆಗ್ ಸೈಡಿಗೆ ಎತ್ತಿ ಹೊಡೆಯುವುದೇ ಇಲ್ಲ. ಇದರ ಹಿಂದೆ ಒಂದು ದೊಡ್ಡ ಜೀವನದೃಷ್ಟಿ ಇದೆ ಅಂತ ನನಗನಿಸುತ್ತದೆ. ಬಹುಶಃ ಈ ಕರಾವಳಿಯ ಶಾಂತ ಸಮುದ್ರ..."

"ಸಮುದ್ರ ಶಾಂತ ಅಂತ ನಿಮಗೆ ಯಾರು ಹೇಳಿದ್ದು? ಜೂನಿನಲ್ಲಿ ಬಂದು ನೋಡಿ" ಅಂದೆ.

"ಹಾಗಾದರೆ ಅದು ಸಂಯಮವೇ?"

ನಾನು ಕ್ಯಾಮೆರಾ ನೋಡಿ ಸ್ಪಷ್ಟವಾಗಿ, ಪಾಠ ಮಾಡುವ ಧ್ವನಿಯಲ್ಲಿ ಹೇಳಿದೆ, "ಅದು ಸಂಯಮ ಅಲ್ಲ, ನನ್ನ ಹಂಚು." ಮಾಡು ತೋರಿಸಿದೆ, ಪಾಗಾರದ ಬರಹ ತೋರಿಸಿದೆ, ಬಂಗುಡೆ ಸಾರಿನ ಕಥೆಯನ್ನೂ ಬಿಡಲಿಲ್ಲ. ಅರ್ಧ ಗಂಟೆ ಮಾತಾಡಿದೆ. ಅವರೂ ತಲೆ ಆಡಿಸಿ ಆಡಿಸಿ ಕೇಳಿದರು.

ಕಾರ್ಯಕ್ರಮ ಬರುವ ದಿನ ನಮ್ಮ ಹಾಲಿನಲ್ಲಿ ಕಾಲು ಇಡಲಿಕ್ಕೆ ಜಾಗ ಇರಲಿಲ್ಲ. ನನ್ನ ಮುಖ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆಯ ಮೇಲಿನ ನಾನು ಗಂಭೀರವಾಗಿ "ಅದು ಸಂಯಮ" ಅಂದೆ. ಹಿಂದಿನಿಂದ ವೀಣೆ ಕೇಳಿಸಿತು. ನಾನು ಮಾಯವಾದೆ. ಮುಗಿಯಿತು, ಅಷ್ಟೇ!

ಕನ್ನಡದಲ್ಲಿ "ಅಲ್ಲ" ಯಾವಾಗಲೂ ಕೊನೆಗೆ ಬರ್ತದೆ ನೋಡಿ, ಕತ್ತರಿ ಹಾಕುವವರಿಗೆ ಬಹಳ ಸುಲಭ.

ನಾಲ್ಕಕ್ಕೆ ಹೋದ

ಅವನ ಅಮ್ಮ ಮಗನ ಆಟ ಯಾವತ್ತೂ ನೋಡಿದವಳಲ್ಲ. ಅವನು ಬ್ಯಾಟ್ ಹಿಡಿದು ಇಳಿದ ಕೂಡಲೇ ಒಂದು ಮಣೆ, ಒಂದು ಸೌತೆಕಾಯಿ ತೆಗೆದುಕೊಂಡು ನಮ್ಮ ಹಿಂದಿನ ಜಗಲಿಗೆ ಬಂದು ಹೆಚ್ಚುತ್ತಾ ಕೂರ್ತಾಳೆ. ನಾನು ಒಳಗೆ ಟಿ.ವಿ. ಮುಂದೆ. ಅವಳು ಹೊರಗಿನಿಂದ ಐದು ನಿಮಿಷಕ್ಕೊಮ್ಮೆ "ಉಂಟಾ?" ಅಂತ ಕೇಳುವುದು, ನಾನು "ಉಂಟು" ಅನ್ನುವುದು. ಅವನು ಇನ್ನೂ ಆಡ್ತಾ ಇದ್ದಾನೆ ಅಂತ ಅರ್ಥ. ಅವನು ನೂರು ಹೊಡೆದಾಗಲೆಲ್ಲ ನಮ್ಮ ಎರಡೂ ಮನೆಯವರು ಮೂರು ದಿವಸ ಬರೀ ಸೌತೆಕಾಯಿ ಸಾಂಬಾರು ತಿಂದಿದ್ದೇವೆ.

ಒಂದು ಮಧ್ಯಾಹ್ನ ಹೀಗೇ ನಡೀತಾ ಇತ್ತು. ಧಾರವಾಡದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಮೀಟರ್ ರೀಡಿಂಗಿನವರು ಹಿಂದಿನ ಬಾಗಿಲ ಹತ್ತಿರ ಮೀಟರ್ ನೋಡ್ತಾ ನಿಂತಿದ್ದರು. ನನಗೆ ಅದು ಆಮೇಲೆ ಗೊತ್ತಾದದ್ದು. ಹುಡುಗ ಬೌಲ್ಡ್ ಆದ.

ನಾನು ಒಳಗಿನಿಂದ ಕೂಗಿದೆ, "ಹೋದ ಮಾರಾಯ್ತಿ!"

"ಅಯ್ಯೋ ದೇವರೇ! ಎಷ್ಟಕ್ಕೆ ಹೋದ ಟೀಚರ್?"

"ನಾಲ್ಕಕ್ಕೆ!"

ಅವಳು ಮಣೆಯನ್ನು ಆಚೆ ತಳ್ಳಿ ಎದೆ ಹಿಡಿದುಕೊಂಡಳು. ಮೀಟರಿನವರು ಟೋಪಿ ತೆಗೆದರು. ಒಂದು ಗಳಿಗೆ ತಲೆ ತಗ್ಗಿಸಿ ನಿಂತರು. ಆಮೇಲೆ ಕೈಗಡಿಯಾರ ನೋಡಿ, ಬಹಳ ಸಂಕೋಚದಿಂದ, "ಯವ್ವಾ, ನಾಲ್ಕಕ್ಕ ಹೋದ್ರು ಅಂದ್ರೇನ್ರೀ? ಈಗಿನ್ನೂ ಮೂರೂವರಿ ಆಗೇತಲ್ರೀ?" ಅಂದರು.

ಅವಳಿಗೆ ಅದೆಲ್ಲ ತಲೆಗೆ ಹೋಗಲಿಲ್ಲ. "ಮೊನ್ನೆ ಸೊನ್ನೆಗೇ ಹೋಗಿದ್ದ, ಇವತ್ತು ನಾಲ್ಕಕ್ಕಾದ್ರೂ ಹೋದ. ನಾಡಿದ್ದು ಪುನಃ ಉಂಟಲ್ಲ, ಆಗ ನೋಡುವ" ಅಂತ ಸೆರಗಿನಲ್ಲಿ ಕಣ್ಣು ಒರೆಸಿದಳು.

ಆ ಮನುಷ್ಯ ಕೈ ಮುಗಿದು, ಹಿಂದೆ ಹಿಂದೆ ಹೆಜ್ಜೆ ಇಟ್ಟು, ರೀಡಿಂಗ್ ಬರೆಯದೆ ಹೊರಟೇ ಹೋದರು. ನಾನು ಹೊರಗೆ ಬಂದು "ಯಾರು ಬಂದದ್ದು?" ಅಂತ ಕೇಳಿದೆ.

"ಮೀಟರಿನವರು. ಪಾಪ, ಕ್ರಿಕೆಟ್ ಅಂದ್ರೆ ಎಷ್ಟು ಪ್ರೀತಿ ಟೀಚರ್ ಅವರಿಗೆ! ಇವ ಔಟ್ ಆದದ್ದಕ್ಕೆ ಕಣ್ಣಲ್ಲಿ ನೀರು ಬಂದಿತ್ತು" ಅಂದಳು.

ಹನ್ನೊಂದು ಗುರುಗಳು

ಊರಿನವರು ಕದ್ರಿಯ ಒಂದು ಸಭಾಂಗಣದಲ್ಲಿ ಅವನಿಗೆ ಸನ್ಮಾನ ಮಾಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಮೇಲೆ ನಿರೂಪಕರು "ಈ ಪ್ರತಿಭೆಯನ್ನು ಮೊಟ್ಟಮೊದಲು ಗುರುತಿಸಿದ ಗುರುಗಳು ವೇದಿಕೆಗೆ ಬರಬೇಕು" ಅಂತ ಕರೆದದ್ದೇ ತಡ, ಹನ್ನೊಂದು ಮಂದಿ ಎದ್ದರು! ಒಬ್ಬರು ಅವನಿಗೆ ಬ್ಯಾಟ್ ಹಿಡಿಯಲಿಕ್ಕೆ ಕಲಿಸಿದವರಂತೆ. ಇನ್ನೊಬ್ಬರು ಬಿಜೈಯ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಅವನ ಕಿಟ್ ಬ್ಯಾಗ್ ಎತ್ತಿಕೊಟ್ಟವರಂತೆ. ಮತ್ತೊಬ್ಬರು ಅವನನ್ನು ಸಣ್ಣದರಲ್ಲಿ ಟೀಮಿಗೆ ತೆಗೆದುಕೊಳ್ಳದೆ ಹಟ ಬರಿಸಿದವರಂತೆ. ಹನ್ನೊಂದು ಜನರಿಗೂ ಶಾಲು ಹಾಕಬೇಕಾಯಿತು. ತಂದ ಶಾಲು ಸಾಕಾಗದೆ ಅವನಿಗೆ ಹಾಕಿದ್ದನ್ನೇ ತೆಗೆದು ಕೊನೆಯವರಿಗೆ ಹೊದಿಸಿದರು.

ಅವನು ಮೈಕ್ ಹಿಡಿದ. "ಒಂದು ಟೀಮಿಗೆ ಆಗುವಷ್ಟು ಗುರುಗಳು ಸಿಕ್ಕಿದ್ದು ನನ್ನ ಭಾಗ್ಯ" ಅಂದ. ಜನ ನಕ್ಕರು. ಆಮೇಲೆ ನಾಲ್ಕನೇ ಸಾಲಿನಲ್ಲಿ ಕುಳಿತ ನನ್ನ ಕಡೆ ತಿರುಗಿ ಹೇಳಿದ, "ಹೊಡೀಲಿಕ್ಕೆ ಕಲಿಸಿದವರು ತುಂಬ ಮಂದಿ. ಹೊಡೀಬಾರದು ಅಂತ ಕಲಿಸಿದವರು ಒಬ್ಬರೇ, ನಮ್ಮ ಟೀಚರ್."

ಸಭೆಗೆ ಸಭೆಯೇ ನನ್ನ ಕಡೆ ತಿರುಗಿತು. ನಾನು ಎದ್ದು ನಿಂತು, ನಾಲ್ಕು ದಿಕ್ಕಿಗೂ ಕೈ ಮುಗಿದೆ. ಮನೆಗೆ ಬರುವ ದಾರಿಯುದ್ದಕ್ಕೂ "ನೋಡಿದ್ರಾ, ನನ್ನನ್ನು ಹೇಗೆ ಹೊಗಳಿದ!" ಅಂತ ಯಜಮಾನರಿಗೆ ಹೇಳಿದೆ.

ಅವರು ಗೇಟಿನ ಚಿಲಕ ಹಾಕುವಾಗ ಕೇಳಿದರು, "ಬ್ಯಾಟ್ಸ್‌ಮನ್‌ಗೆ ಹೊಡೀಬೇಡ ಅಂತ ಕಲಿಸಿದ್ದು ಹೊಗಳಿಕೆಯಾ?"

ಪಾಪನಿವೇದನೆ

ಆ ಪ್ರಶ್ನೆಗೆ ಉತ್ತರ ಬೇಗನೇ ಸಿಕ್ಕಿತು. ಟೆಸ್ಟ್‌ನಲ್ಲಿ ಋಷಿಯಾದವ ಇಪ್ಪತ್ತು ಓವರಿನ ಆಟದಲ್ಲಿ ಸಿಕ್ಕಿಬಿದ್ದ. ಬೌಲರ್‌ಗಳು ಗುಟ್ಟು ಕಂಡುಹಿಡಿದಿದ್ದರು. ಬಾಲನ್ನು ಅವನ ಕಾಲಿಗೇ ಹಾಕುವುದು, ಎಡಗಡೆಯ ಬೌಂಡರಿ ಖಾಲಿ ಬಿಟ್ಟು ಸೊಂಟಕ್ಕೆ ಕೈ ಇಟ್ಟು ನಿಲ್ಲುವುದು. ಅವನು ಎತ್ತಿ ಹೊಡೆಯುವುದಿಲ್ಲ, ನೆಲದಲ್ಲೇ ತಳ್ಳಿ ಒಂದು ರನ್ ಓಡ್ತಾನೆ. ಅವನನ್ನು ಆ ಟೀಮಿನಿಂದ ಕೈಬಿಟ್ಟರು. ಆಮೇಲೆ ಯಾರದೋ ಕಾಲು ಮುರಿದು ಒಂದು ಸ್ಥಾನ ಖಾಲಿಯಾಯಿತು. ಒಂದು ಟೂರ್ನಿಗೆ ಕರೆದರು. ಇದೇ ಕೊನೆಯ ಅವಕಾಶ, ಇಲ್ಲಿ ಆಗದಿದ್ದರೆ ಮತ್ತೆ ಕರೆಯುವುದಿಲ್ಲ ಅಂತ ಹೇಳಿಯೇ ಕರೆದರಂತೆ.

ಬೀದಿಯಲ್ಲಿ ನನಗೆ ತಲೆ ಎತ್ತಿ ನಡೆಯಲಿಕ್ಕೆ ಆಗದ ಹಾಗಾಯಿತು. ಮೀನು ಮಾರುವವಳು ಬುಟ್ಟಿ ಇಳಿಸುವ ಮೊದಲೇ, "ಎಂತ ಟೀಚರೇ, ಒಂದು ಹಂಚಿಗೋಸ್ಕರ ಆ ಹುಡುಗನ ಒಂದು ಬದಿಯನ್ನೇ ಕಟ್ಟಿಹಾಕಿದ್ರಲ್ಲ!" ಅಂದಳು. ಬಸ್ಸಿನ ಕಂಡಕ್ಟರ್ ನನಗೆ ಸೀಟು ತೋರಿಸಿ, "ಬಲಗಡೆಯೇ ಕೂತ್ಕೊಳ್ಳಿ ಟೀಚರ್, ಎಡಗಡೆ ನಿಮಗೆ ಆಗುವುದಿಲ್ಲ" ಅಂದ. ನಗಾಡಿದೆ, ಆದರೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ. ಅವನ ಅಮ್ಮ ಮಾತ್ರ ಎಂದಿನಂತೆ ಸೌತೆಕಾಯಿ ಸಾಂಬಾರು ಕೊಟ್ಟು ಹೋದಳು. ಅದೇ ನನಗೆ ಹೆಚ್ಚು ಚುಚ್ಚಿದ್ದು. ಆ ದಿನ ನಾನು ಊಟ ಮಾಡಲಿಲ್ಲ.

ಶನಿವಾರ ಇಗರ್ಜಿಗೆ ಹೋಗಿ ಪಾಪನಿವೇದನೆಗೆ ಮೊಣಕಾಲೂರಿದೆ. ಜಾಲರಿಯ ಆಚೆ ನಮ್ಮ ಸಣ್ಣ ಪ್ರಾಯದ ಫಾದರ್.

"ಫಾದರ್, ನಾನು ಒಬ್ಬ ಹುಡುಗನಿಗೆ ಲೆಗ್ ಸೈಡಿಗೆ ಹೊಡೀಬಾರದು ಅಂತ ಹೇಳಿಬಿಟ್ಟೆ" ಅಂದೆ.

ಫಾದರ್ ಜಾಲರಿಗೆ ಕಿವಿ ತಂದರು. ಆಮೇಲೆ ಮೆಲ್ಲಗೆ, "ಯಾವ ಹುಡುಗ?"

ಹೆಸರು ಹೇಳಿದೆ.

ಜಾಲರಿಯ ಆಚೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. "ಓ ದೇವರೇ, ಅದು ನೀವಾ!"

ಸಾಲಿನಲ್ಲಿ ನಿಂತಿದ್ದ ಏಳೆಂಟು ಜನ ಒಟ್ಟಿಗೇ ಕತ್ತು ಚಾಚಿದರು. ಫಾದರ್ ಧ್ವನಿ ತಗ್ಗಿಸಿ, "ನೋಡಿ ಟೀಚರ್, ಇದು ಪಾಪದ ಪಟ್ಟಿಯಲ್ಲಿ ಇಲ್ಲ. ಆದರೂ ಪ್ರಾಯಶ್ಚಿತ್ತ ಮಾಡಿಬಿಡಿ. ಟೂರ್ನಿಗೆ ಮೊದಲು ಅವನು ಊರಿಗೆ ಬರ್ತಾನಂತೆ. ಹೋಗಿ ಹಂಚು ಒಡೆಸಿಕೊಳ್ಳಿ" ಅಂದರು.

ನಾನು ಏಳುವಾಗ ಪುನಃ ಕರೆದರು. "ಮತ್ತೆ ಒಂದು ವಿಷಯ. ಅವನ ಸಹಿ ಇರುವ ಒಂದು ಬಾಲ್ ಸಿಗಬಹುದಾ?"

ಹೊಡಿ ಮಾರಾಯ

ಹುಡುಗ ನಾಲ್ಕು ದಿನದ ರಜೆಗೆ ಬಂದ. ನಾನು ಅವನನ್ನು ಚಾ ಕುಡಿಯಲಿಕ್ಕೂ ಬಿಡಲಿಲ್ಲ. ಪಾಗಾರದ ಮೇಲಿನ ಬರಹ ವರ್ಷ ವರ್ಷ ನಾನೇ ತಿದ್ದಿ ಹೊಸತು ಮಾಡ್ತಾ ಬಂದದ್ದು. ಅವನ ಎದುರಿಗೇ ಒದ್ದೆ ಬಟ್ಟೆಯಲ್ಲಿ ತಿಕ್ಕಿ ತೆಗೆದೆ. "ಕಾನೂನು ರದ್ದು. ಹಲಸಿನ ಮರದ ಹತ್ತಿರ ನಿಲ್ಲು. ನನ್ನ ಮನೆಗೆ ಹೊಡಿ" ಅಂದೆ.

"ಎಂತ ಟೀಚರ್ ನೀವು, ತಮಾಷೆ ಮಾಡ್ತೀರಾ?"

"ತಮಾಷೆ ಅಲ್ಲ. ನಿಲ್ಲು ಅಂದ್ರೆ ನಿಲ್ಲು."

ಬೌಲಿಂಗ್ ನಾನೇ ಮಾಡಿದೆ. ಅರವತ್ತೆಂಟು ವರ್ಷ ನನಗೆ, ಕೈ ಭುಜದ ಮೇಲೆ ಹೋಗುವುದಿಲ್ಲ, ನಮ್ಮೂರಿನ ಅಂಡರ್‌ಆರ್ಮ್ ಎಸೆತವೇ ಗತಿ. ಬಾಲ್ ಕುಂಟುತ್ತಾ ಕುಂಟುತ್ತಾ ಅವನ ಕಾಲ ಹತ್ತಿರ ಹೋಯಿತು. ಅವನು ಬಹಳ ಮರ್ಯಾದೆಯಿಂದ ಅದನ್ನು ನಿಲ್ಲಿಸಿ, ಹೆಕ್ಕಿ, ನನ್ನ ಕೈಗೆ ತಂದು ಕೊಟ್ಟ.

"ಹೊಡಿ!"

ಪುನಃ ತಡೆದ. ಹತ್ತು ಎಸೆತ ಹಾಕಿದೆ. ಹತ್ತನ್ನೂ ತಡೆದ. ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಬಾಲಿಗೆ ಕಣ್ಣು ಮಿಟುಕಿಸದವ, ನನ್ನ ಎಸೆತಕ್ಕೆ ಬೆವತುಹೋದ. ಕೊನೆಗೆ ಬ್ಯಾಟ್ ಮರಕ್ಕೆ ಒರಗಿಸಿ, "ಆಗುವುದಿಲ್ಲ ಟೀಚರ್. ನಿಮ್ಮ ಮಾಡು ಕಂಡ ಕೂಡಲೇ ಕೈ ತನ್ನಷ್ಟಕ್ಕೆ ನಿಲ್ತದೆ. ಅಲ್ಲಿ ದೊಡ್ಡ ಸ್ಟೇಡಿಯಮ್ಮಿನಲ್ಲೂ ಹೀಗೇ. ಎಡಗಡೆ ನೋಡಿದ್ರೆ ನೀವು ಸೌಟು ಹಿಡ್ಕೊಂಡು ನಿಂತ ಹಾಗೆ ಕಾಣ್ತದೆ" ಅಂದ.

ಅಳು ಬಂತು ನನಗೆ. ಅವನೆದುರೇ ಅತ್ತುಬಿಟ್ಟೆ.

ಇಷ್ಟು ಹೊತ್ತು ಜಗಲಿಯಲ್ಲಿ ಪೇಪರ್ ಓದ್ತಾ ಇದ್ದ ನಮ್ಮ ಯಜಮಾನರು ಎದ್ದರು. ಮೂಲೆಯಲ್ಲಿದ್ದ ಮಾವಿನಕಾಯಿ ಕೊಯ್ಯುವ ದೋಟಿ ತೆಗೆದುಕೊಂಡರು. ಕ್ರೇನ್ ಓಡಿಸಿದ ಕೈ ಅಲ್ಲವಾ, ಸರಿಯಾಗಿ ಗುರಿ ಇಟ್ಟು ಮಾಡಿನ ಹಂಚಿಗೆ ಒಂದು ಕುಟ್ಟಿದರು. ಚಟಾರ್! ತುಂಡು ಅಂಗಳಕ್ಕೆ ಬಿತ್ತು.

"ನೋಡು, ಒಡೆದಾಯ್ತು. ಆಕಾಶ ಕಳಚಿ ಬಿತ್ತಾ? ಇಲ್ಲ. ಟೀಚರ್ ಬೈದಳಾ? ಅದೂ ಇಲ್ಲ. ಇನ್ನು ಹೊಡಿ ಮಾರಾಯ, ನನಗೆ ಫುಟ್‌ಬಾಲ್ ನೋಡ್ಲಿಕ್ಕೆ ಉಂಟು" ಅಂದರು.

ನಾನು ಮೂಗು ಒರೆಸಿಕೊಂಡು ಇನ್ನೊಂದು ಎಸೆತ ಹಾಕಿದೆ. ಅವನು ಕಣ್ಣು ಮುಚ್ಚಿ ಬೀಸಿದ. ಬಾಲ್ ಹೋಗಿ ಮಾಡಿಗೆ ಬಡಿಯಿತು, ಹಂಚು ಒಡೆಯಿತು, ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಢಣ್ ಅಂತು. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಸದ್ದು ಕೇಳಿಲ್ಲ. ನಾನು ಕುಣಿದೆ, ಅವನ ಅಮ್ಮ ಮನೆಯಿಂದ ಓಡಿ ಬಂದವಳು ಮಗನ ಕಿವಿ ಹಿಂಡಲಿಕ್ಕೆ ಹೋದಳು, ಅವಳನ್ನು ತಡೆಯುವುದೇ ಒಂದು ಕೆಲಸವಾಯಿತು.

ನಾಲ್ಕು ದಿನದಲ್ಲಿ ಐವತ್ತಮೂರು ಹಂಚು ಹೋಯಿತು. ಹಂಚಿನ ಕಾರ್ಖಾನೆಗಳೆಲ್ಲ ಒಂದೊಂದೇ ಮುಚ್ಚುತ್ತಾ ಬಂದಿವೆ. ಯಜಮಾನರು ಎಲ್ಲೆಲ್ಲಿ ಹಳೆ ಮನೆ ಕೆಡವುತ್ತಾರೆ ಅಂತ ಹುಡುಕಿ ಹುಡುಕಿ ರಿಕ್ಷಾದಲ್ಲಿ ಹಂಚು ತಂದರು. ಮಾಡು ಈಗ ಮೂರು ಬಣ್ಣದಲ್ಲಿ ಉಂಟು.

ಒಂದೇ ಒಂದು ಅಭ್ಯಾಸ ಮಾತ್ರ ಹೋಗಲಿಲ್ಲ. ಪ್ರತಿ ಹೊಡೆತ ಆದ ಮೇಲೆ ಅವನು ಬ್ಯಾಟ್ ಕಂಕುಳಲ್ಲಿ ಇಟ್ಟುಕೊಂಡು ಬಂದು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, "ಸಾರಿ ಟೀಚರ್" ಅನ್ನುತ್ತಿದ್ದ. ಐವತ್ತಮೂರು ಸಲ. ಅದನ್ನೂ ಬಿಡಿಸುವ ಅಂತ ಯಜಮಾನರು ಹೇಳಿದರು.

"ಇರಲಿ ಬಿಡಿ, ಮರ್ಯಾದೆ ಇದ್ದರೆ ಯಾರಿಗೆ ಎಂತ ನಷ್ಟ?" ಅಂದವಳು ನಾನೇ.

ಇನ್ನೊಂದು ಸಲ

ಟೂರ್ನಿಯ ಫೈನಲ್ ದೂರದ ದೇಶದಲ್ಲಿ. ನಮಗೆ ಮಧ್ಯಾಹ್ನ. ಅಲ್ಲಿಯವರೆಗಿನ ಪಂದ್ಯಗಳಲ್ಲಿ ಅವನಿಗೆ ಬ್ಯಾಟ್ ಹಿಡಿಯುವ ಸಂದರ್ಭವೇ ಸರಿಯಾಗಿ ಸಿಕ್ಕಿರಲಿಲ್ಲ. ಇದೊಂದೇ ಬಾಕಿ. ನಮ್ಮ ಹಾಲಿನಲ್ಲಿ ಇಡೀ ಬೀದಿ ತುಂಬಿತ್ತು. ಹಿಂದಿನ ಆ ಹನ್ನೆರಡು ಹುಡುಗರಲ್ಲಿ ಊರಲ್ಲಿ ಉಳಿದ ಏಳು ಮಂದಿ ಹೊಟ್ಟೆ ಬಂದ ಗಂಡಸರಾಗಿ ಕೆಳಗೆ ಕುಳಿತಿದ್ದರು. ಮೀನಿನವಳು ಬುಟ್ಟಿ ಸಮೇತ ಬಂದಿದ್ದಳು. ಫಾದರ್ ಕುರ್ಚಿಯ ತುದಿಯಲ್ಲಿ. ಅವನ ಅಮ್ಮ ಹಿಂದಿನ ಜಗಲಿಯಲ್ಲಿ, ಮೂರನೆಯ ಸೌತೆಕಾಯಿಯಲ್ಲಿ ಇದ್ದಳು.

ಕೊನೆಯ ಓವರ್. ನಾಲ್ಕು ಬಾಲಿಗೆ ಹನ್ನೊಂದು ರನ್ ಬೇಕು. ಬ್ಯಾಟ್ ಅವನ ಕೈಯಲ್ಲಿ.

ಬೌಲರ್ ನಗಾಡಿಕೊಂಡು ಎಡಗಡೆಯ ಬೌಂಡರಿಯವನನ್ನು ಬಲಗಡೆಗೆ ಕಳಿಸಿದ. ಎಡಗಡೆ ಖಾಲಿ. ನಾನು ಜಪಸರ ಗಟ್ಟಿಯಾಗಿ ಹಿಡಿದುಕೊಂಡೆ. "ಒಡಿ ಮಗ, ಹಂಚು ಒಡಿ" ಅಂತ ಬಾಯಿಯೊಳಗೇ ಹೇಳ್ತಾ ಇದ್ದೆ.

"ಉಂಟಾ?" ಹಿಂದಿನಿಂದ ಅವಳ ಧ್ವನಿ.

"ಉಂಟು, ಉಂಟು!"

ಬಾಲ್ ಕಾಲಿಗೇ ಬಂತು. ಅವನು ಬೀಸಿದ. ಅದು ಎಡಗಡೆಗೆ ಎದ್ದಿತು, ಎತ್ತರಕ್ಕೆ, ಇನ್ನೂ ಎತ್ತರಕ್ಕೆ. ನಮ್ಮ ಹಾಲಿನಲ್ಲಿ ಏನಾಯಿತು ಗೊತ್ತುಂಟಾ? ಆ ಏಳು ಗಂಡಸರೂ ಹಾರಿ ಎದ್ದು, ಹಳೆಯ ಅಭ್ಯಾಸದಲ್ಲಿ ಒಟ್ಟಿಗೇ ಬೊಬ್ಬೆ ಹೊಡೆದರು: "ಟೀಚರ್ ಔಟ್!"

ಹಿಂದಿನ ಜಗಲಿಯಿಂದ "ಅಯ್ಯೋ, ಹೋದನಾ!" ಅಂತ ಕೂಗು ಕೇಳಿತು.

"ಹೋಗಲಿಲ್ಲ ಮಾರಾಯ್ತಿ, ಸಿಕ್ಸ್, ಸಿಕ್ಸ್!" ಅಂದೆ. ಅಂದವಳು ಟಿ.ವಿ. ಕಡೆ ತಿರುಗಿ ಅಲ್ಲೇ ಕುಳಿತುಬಿಟ್ಟೆ. ಅಂಪೈರ್ ಎರಡೂ ಕೈ ಎತ್ತಿ ನಿಂತಿದ್ದಾರೆ. ಜನ ಹುಚ್ಚೆದ್ದು ಕುಣೀತಾ ಇದ್ದಾರೆ. ನಮ್ಮವನು ಮಾತ್ರ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ, ಬಾಲ್ ಹೋದ ದಿಕ್ಕಿಗೇ ನಡೆದುಕೊಂಡು ಹೊರಟಿದ್ದಾನೆ! ವಿಕೆಟ್ಟಿನ ಬುಡದಲ್ಲಿರುವ ಮೈಕಿನಲ್ಲಿ ಅವನ ಧ್ವನಿ ಇಡೀ ಜಗತ್ತಿಗೆ ಕೇಳಿಸಿತು: "ಸಾರಿ ಟೀಚರ್."

ಎದುರಿನ ಬ್ಯಾಟ್ಸ್‌ಮನ್ ಓಡಿ ಹೋಗಿ ಅವನ ತೋಳು ಹಿಡಿದು ಎಳೆದು ತಂದ. ಟಿ.ವಿ.ಯಲ್ಲಿ ನಮ್ಮ ಹಳೆಯ ಸೂಟಿನ ವಿಶ್ಲೇಷಕರು, "ಇಂಥ ಗಳಿಗೆಯಲ್ಲೂ ಗುರುಸ್ಮರಣೆ! ಸಂಯಮ ಅಂದರೆ ಇದು" ಅಂತ ಗದ್ಗದಿತರಾದರು.

ನನಗೆ ಒಂದೇ ಕಣ್ಣಲ್ಲಿ ಅಳು, ನಗು ಎರಡೂ. ಆದರೆ ಇಪ್ಪತ್ತು ವರ್ಷಗಳ ಅಭ್ಯಾಸ ಅವನಿಗೆ ಮಾತ್ರವಾ ಇರುವುದು? "ಸಾರಿ ಟೀಚರ್" ಕಿವಿಗೆ ಬಿದ್ದದ್ದೇ ತಡ, ನಾನೂ ಎದ್ದು ನಿಂತು, ಕನ್ನಡಕದ ಮೇಲಿಂದ ಟಿ.ವಿ. ನೋಡಿ, ಬೆರಳು ಆಡಿಸಿ ಹೇಳಿಬಿಟ್ಟೆ, "ಹೂಂ, ಇನ್ನೊಂದು ಸಲ ಹೊಡೆದ್ರೆ ಉಂಟು ನಿನಗೆ!"

ಹಾಲಿನಲ್ಲಿದ್ದವರೆಲ್ಲ ನನ್ನನ್ನು ತಿರುಗಿ ನೋಡಿದರು. ಫಾದರ್ ಶಿಲುಬೆಯ ಗುರುತು ಮಾಡಿಕೊಂಡರು. ನನಗೆ ನಾಲಗೆ ಕಚ್ಚಿಕೊಳ್ಳುವ ಹಾಗಾಯಿತು. ಇನ್ನೂ ಐದು ರನ್ ಬೇಕು, ನಾನು ಎಂತ ಹೇಳಿಬಿಟ್ಟೆ!

ಬೌಲರ್ ಓಡಿ ಬಂದ. ಮುಂದಿನ ಬಾಲ್. ಪುನಃ ಕಾಲಿಗೆ. ಹುಡುಗ ಅದನ್ನು ಎತ್ತಿ, ಅದೇ ಎಡಗಡೆಗೆ, ಮೊದಲಿನದ್ದಕ್ಕಿಂತಲೂ ದೂರಕ್ಕೆ, ಸ್ಟೇಡಿಯಮ್ಮಿನ ಮಾಡಿನ ಮೇಲಕ್ಕೆ ಹೊಡೆದ. ಗೆದ್ದೆವು!

ಹಾಲಿನಲ್ಲಿ ಯಾರ ಕಾಲು ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಮೀನಿನವಳು ಫಾದರ್ ಕೈ ಹಿಡಿದು ಕುಣಿದಳು. ಅವನ ಅಮ್ಮ ಸೌತೆಕಾಯಿ ತುಂಡು ಹಿಡಿದುಕೊಂಡೇ ಒಳಗೆ ಓಡಿ ಬಂದು, ಜನ್ಮದಲ್ಲಿ ಮೊದಲ ಸಲ ಮಗನನ್ನು ಟಿ.ವಿ.ಯಲ್ಲಿ ನೋಡಿ, "ಎಷ್ಟು ಸಪೂರ ಆಗಿದ್ದಾನೆ!" ಅಂದಳು.

ಗಲಾಟೆ ಸ್ವಲ್ಪ ತಣ್ಣಗಾದ ಮೇಲೆ ನಮ್ಮ ಯಜಮಾನರು ಮೂಲೆಯ ಕುರ್ಚಿಯಿಂದ ಪೇಪರ್ ಕೆಳಗಿಳಿಸಿದರು. ಫುಟ್‌ಬಾಲಿನ ಮನುಷ್ಯ, ಕಣ್ಣು ಮಾತ್ರ ಒದ್ದೆ.

"ಅಂತೂ ಹುಡುಗ ದೊಡ್ಡವನಾದ. ಟೀಚರ್ ಬೇಡ ಅಂದದ್ದನ್ನು ಮೊದಲ ಸಲ ಮಾಡಿದ" ಅಂದರು.